ಎಳೆಯ ಹೋರಿಯನ್ನು ಮೊದಲ ಬಾರಿ ವಾಹನಕ್ಕೆ ಹತ್ತಿಸುವಾಗ

ದೀಪಾವಳಿಯ ಹೋರಿ ಹಬ್ಬಕ್ಕೆ ಸಾಕಿದ ಎಳೆಯ ಹೋರಿಯು ವಾಹನದ ಬಾಗಿಲಲ್ಲಿ ಕಾಲೂರಿ ನಿಂತುಬಿಡುವುದನ್ನು ಕದರಮಂಡಲಗಿ, ಬ್ಯಾಡಗಿ, ರಾಣೆಬೆನ್ನೂರು ಭಾಗದ ರೈತ ಬಾಂಧವರು ಬಲ್ಲರು. ಇದು ಹಠವಲ್ಲ. ದನದ ಕಣ್ಣು ಬೆಳಕಿನಿಂದ ಕತ್ತಲೆಗೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಎದುರಿಗಿರುವುದು ನೆರಳೋ ತಗ್ಗೋ ಎಂಬುದು ಅದಕ್ಕೆ ಬೇಗನೆ ತಿಳಿಯದು. ಆಗ ಮೂಗುದಾರ ಜಗ್ಗಿದರೆ, ಬಾಲ ತಿರುಚಿದರೆ, ಆ ನೋವು ವಾಹನದೊಂದಿಗೇ ನೆನಪಿನಲ್ಲಿ ಉಳಿದು ಮುಂದಿನ ಬಾರಿ ಹತ್ತಿಸುವುದು ಇನ್ನೂ ಕಠಿಣವಾಗುತ್ತದೆ.

ಆದ್ದರಿಂದ ಒಂದೆರಡು ವಾರ ಮೊದಲೇ ರೂಢಿ ಮಾಡಿಸಬೇಕು. ವಾಹನದ ಹಿಂಭಾಗವನ್ನು ಮಣ್ಣಿನ ದಿಬ್ಬಕ್ಕೆ ತಾಗಿಸಿ ನಿಲ್ಲಿಸಿದರೆ ಇಳಿಜಾರು ಹಲಗೆಯೇ ಬೇಕಿಲ್ಲ. ಎಂಜಿನ್ ಆರಿಸಿ, ಒಳಗೆ ಮೇವಿಟ್ಟು, ಪಳಗಿದ ಎತ್ತನ್ನು ಮೊದಲು ಹತ್ತಿಸಿರಿ. ಹೋರಿ ತಾನಾಗಿ ಹಿಂಬಾಲಿಸುವವರೆಗೆ ಕಾಯಿರಿ. ಹಲಗೆ-ವಾದ್ಯಗಳ ಅಬ್ಬರ ಆ ದಿನ ಬೇಡ. ಮೊದಲ ಪ್ರಯಾಣ ಹೊಲದವರೆಗೆ ಸಾಕು.

ಕಬ್ಬಿಣದ ತಳ ಜಾರುವುದರಿಂದ ನಾರಿನ ಚಾಪೆ ಹಾಸಿ, ಮುಖ ಎಂಜಿನ್ ಕಡೆಗಿರುವಂತೆ ಕೊರಳ ಹಗ್ಗದಿಂದ ಕಟ್ಟಿರಿ; ಮೂಗುದಾರ ಸಡಿಲವಾಗಿರಲಿ. 1978ರ ಪ್ರಾಣಿ ಸಾಗಾಣಿಕೆ ನಿಯಮಗಳಂತೆ ಪಶುವೈದ್ಯರ ಪ್ರಮಾಣಪತ್ರ ಹಾಗೂ ಜೊತೆಗೊಬ್ಬ ಆಳು ಇರಲೇಬೇಕು. ಬೇರೆ ಸರಕು ಹೇರುವಂತಿಲ್ಲ. ಇಳಿಸಿದ ಮೇಲೆ ನೀರು ಕುಡಿಸಿ ನೆರಳಿನಲ್ಲಿ ಕಟ್ಟಿರಿ, ನೇರವಾಗಿ ಅಖಾಡಕ್ಕೆ ಒಯ್ಯಬಾರದು.