ಯಂತ್ರದ ಬುದ್ಧಿ, ಮನುಷ್ಯನ ದುಡಿಮೆ

ಯಂತ್ರವು ಮನುಷ್ಯನ ತೋಳಿಗೆ ನೆರವಾಗಲೆಂದು ಹುಟ್ಟಿತು. ಏತದ ಜಾಗಕ್ಕೆ ಪಂಪುಸೆಟ್ಟು ಬಂದಿತು. ಒನಕೆಯ ಜಾಗಕ್ಕೆ ಅಕ್ಕಿಯ ಗಿರಣಿ ಬಂದಿತು. ಕೈಮಗ್ಗದ ಪಕ್ಕದಲ್ಲಿ ವಿದ್ಯುತ್ ಮಗ್ಗ ಸದ್ದು ಮಾಡತೊಡಗಿತು. ಪ್ರತಿ ಸಲವೂ ಕೆಲವರ ಬೆವರು ಉಳಿಯಿತು, ಕೆಲವರ ಕೂಲಿ ಹೋಯಿತು. ಆದರೂ ಓದುಬರಹ ಬಲ್ಲವನಿಗೆ ಈ ಭಯವಿಲ್ಲವೆಂಬ ನಂಬಿಕೆ ನಮ್ಮ ಹಿರಿಯರಲ್ಲಿತ್ತು. ಈಗ ಬಂದಿರುವ ಹೊಸ ಯಂತ್ರವಾದರೋ ಓದಿದವರ ಕೆಲಸಕ್ಕೇ ಕೈಹಾಕಿದೆ. ಅದು ಪತ್ರ ಬರೆಯುತ್ತದೆ, ಲೆಕ್ಕ ಮಾಡುತ್ತದೆ, ಅನುವಾದ ಮಾಡುತ್ತದೆ, ಚಿತ್ರ ಬಿಡಿಸುತ್ತದೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ. ಇದನ್ನೇ ಕೃತಕ ಬುದ್ಧಿಮತ್ತೆ ಎಂದು ಕರೆಯುತ್ತಾರೆ.

ನಮ್ಮ ಮೊರಪ್ಪೂರಿನ ಸುತ್ತಲಿನ ಹಳ್ಳಿಗಳಿಂದ ಹೊಸೂರು, ಬೆಂಗಳೂರು, ತಿರುಪ್ಪೂರುಗಳಿಗೆ ಕೆಲಸ ಹುಡುಕಿ ಹೋಗುವವರು ಬಹಳ ಮಂದಿ. ಆದುದರಿಂದ ಯಂತ್ರವು ಕೆಲಸವನ್ನು ಕಸಿದುಕೊಳ್ಳುವುದೇ ಎಂಬ ಪ್ರಶ್ನೆ ನಮಗೆ ದೂರದ್ದಲ್ಲ. ಈ ಪ್ರಶ್ನೆಯನ್ನು ಜಗತ್ತಿನ ಕ್ರೈಸ್ತ ಸಭೆಗಳು ತಮ್ಮದೇ ರೀತಿಯಲ್ಲಿ ಕೇಳುತ್ತಿವೆ. ಕ್ರೈಸ್ತರು ನಮ್ಮ ಸೀಮೆಗೆ ಹೊಸಬರೇನೂ ಅಲ್ಲ. ಸೇಲಂ ಕಥೋಲಿಕ ಧರ್ಮಪ್ರಾಂತವು 1930ರಲ್ಲಿ ಸ್ಥಾಪನೆಯಾಯಿತು. ಅದರಿಂದ ಬೇರ್ಪಟ್ಟು ಧರ್ಮಪುರಿ ಧರ್ಮಪ್ರಾಂತವು 1997ರಲ್ಲಿ ಆಯಿತು. ಅವರ ಕಳವಳವೇನು, ಅದಕ್ಕೆ ಕಾರಣವೇನು, ಅದರಲ್ಲಿ ಎಲ್ಲರಿಗೂ ಸಲ್ಲುವ ವಿಚಾರವೇನು ಎಂಬುದನ್ನು ಇಲ್ಲಿ ನಾವು ತಿಳಿಯಲು ಯತ್ನಿಸೋಣ.

ಈ ಯಂತ್ರ ಕೆಲಸ ಮಾಡುವ ಬಗೆ

ಕೃತಕ ಬುದ್ಧಿಮತ್ತೆ ಎಂಬ ಮಾತಿಗೆ ಎಪ್ಪತ್ತು ವರ್ಷಗಳಷ್ಟು ವಯಸ್ಸಾಗಿದೆ. 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ವಿದ್ವಾಂಸರ ಸಭೆಯಿಂದ ಈ ಹೆಸರು ಬಳಕೆಗೆ ಬಂದಿತು. ಜನಸಾಮಾನ್ಯರಿಗೆ ಅದರ ಪರಿಚಯವಾದದ್ದು 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ. ಹಳೆಯ ಗಣಕಯಂತ್ರಕ್ಕೆ ಮಾಡಬೇಕಾದ ಪ್ರತಿಯೊಂದು ಹೆಜ್ಜೆಯನ್ನೂ ಮನುಷ್ಯನೇ ಬರೆದುಕೊಡಬೇಕಾಗಿತ್ತು. ಹೊಸದಕ್ಕೆ ಕೋಟಿಗಟ್ಟಲೆ ಬರಹಗಳನ್ನು ಉಣಿಸುತ್ತಾರೆ. ಯಾವ ಪದದ ಹಿಂದೆ ಯಾವ ಪದ ಬರುವುದು ವಾಡಿಕೆ ಎಂಬುದನ್ನು ಅದು ಲೆಕ್ಕಹಾಕಿ ಇಟ್ಟುಕೊಂಡು, ಆ ಲೆಕ್ಕದ ಬಲದಿಂದ ಹೊಸ ವಾಕ್ಯಗಳನ್ನು ಹೊಸೆಯುತ್ತದೆ.

ಇಲ್ಲಿ ಒಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಯಂತ್ರದ ಈ ಜಾಣ್ಮೆಯು ಯಂತ್ರದಿಂದಲೇ ಹುಟ್ಟಿದ್ದಲ್ಲ. ಲಕ್ಷಾಂತರ ಮನುಷ್ಯರು ಬರೆದದ್ದು, ಆಡಿದ್ದು, ತಿದ್ದಿದ್ದು ಅದರ ಬಂಡವಾಳ. ಕನ್ನಡವನ್ನು ಕಲಿಸಲು ಸಹ ಹೀಗೆಯೇ ಮಾಡುತ್ತಾರೆ. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆಯು ಕರ್ನಾಟಕದ ಹಳ್ಳಿಗರಿಂದ ಕನ್ನಡ ವಾಕ್ಯಗಳನ್ನು ಓದಿಸಿ, ದನಿಯನ್ನು ಮುದ್ರಿಸಿಕೊಂಡು, ಅದಕ್ಕೆ ಸಂಭಾವನೆ ಕೊಟ್ಟಿದೆ. ಸೇಲಂ, ಹುಬ್ಬಳ್ಳಿಯಂತಹ ಊರುಗಳಲ್ಲಿ ಯುವಕ ಯುವತಿಯರು ಚಿತ್ರಗಳನ್ನು ನೋಡಿ ಇದು ಮರ, ಇದು ಬಂಡಿ, ಇದು ಮನುಷ್ಯ ಎಂದು ಗುರುತು ಹಾಕಿ ಯಂತ್ರಕ್ಕೆ ಪಾಠ ಹೇಳುವ ಕೆಲಸದಲ್ಲಿದ್ದಾರೆ. ಬುದ್ಧಿವಂತ ಯಂತ್ರದ ಹಿಂದೆ ಹೀಗೆ ಕಾಣದ ದುಡಿಮೆಗಾರರ ಸಾಲೇ ಇದೆ.

ಕಳವಳದ ಬೇರು

ಕೆಲಸ ಹೋದರೆ ಸಂಬಳ ಹೋಗುತ್ತದೆ ಎಂಬ ಚಿಂತೆ ಎಲ್ಲರಿಗೂ ಒಂದೇ. ಕ್ರೈಸ್ತರ ಚಿಂತೆಗೆ ಇದರ ಜೊತೆಗೆ ಇನ್ನೊಂದು ಬೇರು ಇದೆ. ಬೈಬಲಿನ ಮೊದಲ ಪುಸ್ತಕದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿ, ಅದನ್ನು ವ್ಯವಸಾಯ ಮಾಡುವ ಮತ್ತು ಕಾಯುವ ಹೊಣೆಯನ್ನು ಕೊಡುತ್ತಾನೆ. ಆಜ್ಞೆ ಮೀರಿದ ದಂಡನೆ ಬರುವುದು ಅನಂತರ. ಆದುದರಿಂದ ದುಡಿಮೆಯು ಶಾಪವಾಗಿ ಬಂದದ್ದಲ್ಲ, ದೇವರ ಸೃಷ್ಟಿಕಾರ್ಯದಲ್ಲಿ ಮನುಷ್ಯನಿಗೆ ದೊರೆತ ಪಾಲು ಎಂದು ಅವರು ತಿಳಿಯುತ್ತಾರೆ. ಯೇಸುವು ಬಡಗಿಯ ಮನೆಯಲ್ಲಿ ಬೆಳೆದವನು. ಧರ್ಮಪ್ರಚಾರಕನಾದ ಪೌಲನು ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದವನು. ನಮ್ಮ ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ಬಲ್ಲ ಕನ್ನಡಿಗರಿಗೆ ಈ ಭಾವನೆ ಅಪರಿಚಿತವೆನಿಸದು.

ಆದರೆ ಅದೇ ಬೈಬಲು ಏಳನೆಯ ದಿನ ವಿಶ್ರಾಂತಿಯನ್ನೂ ವಿಧಿಸುತ್ತದೆ. ಆಳಿಗೂ ಎತ್ತಿಗೂ ಅಂದು ಬಿಡುವು ಕೊಡಬೇಕು. ಮನುಷ್ಯನ ಬೆಲೆ ಅವನು ಮಾಡುವ ಕೆಲಸದಿಂದಷ್ಟೇ ಬರುವುದಿಲ್ಲ, ದೇವರ ಹೋಲಿಕೆಯಲ್ಲಿ ಹುಟ್ಟಿದ್ದರಿಂದ ಬರುತ್ತದೆ ಎಂಬುದು ಇದರ ತಾತ್ಪರ್ಯ. ಈ ಎರಡು ಮಾತುಗಳನ್ನು ಕೂಡಿಸಿ ನೋಡಿದರೆ ಅವರ ಕಳವಳ ಸ್ಪಷ್ಟವಾಗುತ್ತದೆ. ಯಂತ್ರವು ಕೆಲಸವನ್ನೆಲ್ಲ ಕಸಿದರೆ ಮನುಷ್ಯನು ತನ್ನ ಪಾಲನ್ನು ಕಳೆದುಕೊಳ್ಳುತ್ತಾನೆ. ಮನುಷ್ಯನನ್ನು ಯಂತ್ರದೊಡನೆ ತಕ್ಕಡಿಯಲ್ಲಿಟ್ಟು ತೂಗಿ, ಕಡಿಮೆ ಬಂದವನನ್ನು ಬಿಸಾಡಿದರೆ ಅವನ ಬೆಲೆಗೇ ಅಪಮಾನವಾಗುತ್ತದೆ.

ಸಭೆಗಳು ಹೇಳಿದ್ದು

ಯುರೋಪಿನಲ್ಲಿ ಕಾರ್ಖಾನೆಗಳು ಹೆಚ್ಚಿ, ಕೂಲಿಗಾರರ ಬದುಕು ಕಷ್ಟಕ್ಕಿಳಿದಿದ್ದಾಗ, 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ರೇರುಂ ನೊವಾರುಂ ಎಂಬ ಪತ್ರವನ್ನು ಹೊರಡಿಸಿದರು. ನ್ಯಾಯವಾದ ಕೂಲಿ ಮತ್ತು ಸಂಘ ಕಟ್ಟುವ ಹಕ್ಕು ಕೆಲಸಗಾರನಿಗೆ ಸಲ್ಲಬೇಕೆಂದು ಅದರಲ್ಲಿ ವಾದಿಸಿದರು. 1981ರಲ್ಲಿ ಎರಡನೆಯ ಜಾನ್ ಪಾಲರು ದುಡಿಮೆಯನ್ನು ಕುರಿತೇ ಒಂದು ಪತ್ರವನ್ನು ಬರೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ಕಲ್ಲುಗಣಿಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ತಾವೇ ದುಡಿದವರು ಅವರು. ಕೆಲಸ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ಕೆಲಸಕ್ಕಾಗಿ ಅಲ್ಲ ಎಂಬುದು ಆ ಪತ್ರದ ತಿರುಳು.

2019ರಲ್ಲಿ ಅಮೆರಿಕದ ಕೆಲವು ಪ್ರೊಟೆಸ್ಟಂಟ್ ಮುಖಂಡರು ಕೃತಕ ಬುದ್ಧಿಮತ್ತೆಯನ್ನು ಕುರಿತು ಒಂದು ಹೇಳಿಕೆಯನ್ನು ಹೊರಡಿಸಿ, ಅದರಲ್ಲಿ ದುಡಿಮೆಗೇ ಒಂದು ಭಾಗವನ್ನು ಮೀಸಲಿಟ್ಟರು. 2024ರ ಜೂನಿನಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಇಟಲಿಯಲ್ಲಿ ನಡೆದ ಏಳು ಶ್ರೀಮಂತ ರಾಷ್ಟ್ರಗಳ ಸಭೆಗೆ ಹೋಗಿ ಈ ವಿಷಯವನ್ನು ಕುರಿತು ಮಾತನಾಡಿದರು. 2025ರ ಜನವರಿಯಲ್ಲಿ ವ್ಯಾಟಿಕನ್ ಹೊರಡಿಸಿದ ಟಿಪ್ಪಣಿಯು ಇನ್ನೊಂದು ಅಪಾಯವನ್ನು ತೋರಿಸಿಕೊಟ್ಟಿತು. ಕೆಲಸ ಹೋಗದೆ ಉಳಿದರೂ ಕೆಲಸಗಾರನ ಕೌಶಲ ಕುಗ್ಗಬಹುದು. ಯಂತ್ರದ ಕಣ್ಗಾವಲಿನಲ್ಲಿ, ಯಂತ್ರದ ವೇಗಕ್ಕೆ ತಕ್ಕಂತೆ ಅವನು ಕುಣಿಯಬೇಕಾಗಬಹುದು. ಅದೇ ವರ್ಷದ ಮೇ ತಿಂಗಳಿನಲ್ಲಿ ಆಯ್ಕೆಯಾದ ಹೊಸ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡರು. ಹಿಂದಿನ ಲಿಯೋ ಮೊದಲ ಕೈಗಾರಿಕಾ ಕ್ರಾಂತಿಯ ಪ್ರಶ್ನೆಯನ್ನು ಎದುರಿಸಿದಂತೆ, ಈಗ ಕೃತಕ ಬುದ್ಧಿಮತ್ತೆಯ ಪ್ರಶ್ನೆಯನ್ನು ಎದುರಿಸಬೇಕಾಗಿದೆ ಎಂದು ಅವರೇ ಕಾರಣ ಕೊಟ್ಟರು.

ಮಂಗಳೂರು ಕಲಿಸುವ ಪಾಠ

ಇವೆಲ್ಲ ರೋಮು, ಅಮೆರಿಕಗಳ ಮಾತಾಯಿತು. ಕನ್ನಡ ನಾಡಿನಲ್ಲಿಯೇ ಒಂದು ಕ್ರೈಸ್ತ ಸಂಸ್ಥೆಯು ಕೆಲಸ ಕಳೆದುಕೊಂಡವರ ಪ್ರಶ್ನೆಯನ್ನೂ ಯಂತ್ರದ ಪ್ರಶ್ನೆಯನ್ನೂ ಒಟ್ಟಿಗೆ ಎದುರಿಸಿದ ಉದಾಹರಣೆಯಿದೆ. ಅದು ಮಂಗಳೂರಿನ ಬಾಸೆಲ್ ಮಿಶನ್. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಿಂದ 1834ರಲ್ಲಿ ಬಂದ ಈ ಮಿಶನರಿಗಳನ್ನು ನಾವು ಸಾಮಾನ್ಯವಾಗಿ ಕನ್ನಡದ ಸೇವಕರೆಂದು ನೆನೆಯುತ್ತೇವೆ. 1843ರ ಜುಲೈ 1ರಂದು ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರತಂದರು. 1894ರಲ್ಲಿ ಕಿಟ್ಟೆಲರ ನಿಘಂಟು ಅವರ ಮುದ್ರಣಾಲಯದಿಂದಲೇ ಹೊರಬಂದಿತು. ಅವರ ಕಾರ್ಖಾನೆಗಳ ಕಥೆಯೂ ಇಷ್ಟೇ ದೊಡ್ಡದು.

ಮತಾಂತರಗೊಂಡವರಲ್ಲಿ ಅನೇಕರು ಊರಿನ ಆಸರೆಯನ್ನೂ ಹಳೆಯ ಕಸುಬನ್ನೂ ಕಳೆದುಕೊಂಡರು. ಅವರಲ್ಲಿ ಶೇಂದಿ ಇಳಿಸುವ ಬಿಲ್ಲವರು ಬಹಳ ಮಂದಿ ಇದ್ದರು. ಮಿಶನ್ ಮದ್ಯಕ್ಕೆ ವಿರೋಧಿಯಾದುದರಿಂದ ಆ ಕಸುಬನ್ನು ಅವರು ಬಿಡಬೇಕಾಯಿತು. ಪ್ರಾರ್ಥನೆಯಿಂದ ಹೊಟ್ಟೆ ತುಂಬದಷ್ಟೆ. ಆದುದರಿಂದ ಮಿಶನ್ ಕೆಲಸವನ್ನು ಹುಟ್ಟಿಸಲು ಹೊರಟಿತು. 1851ರಲ್ಲಿ ಬಂದ ಹಾಲರ್ ಎಂಬ ನೇಯ್ಗೆಗಾರರು ಹಾರುಲಾಳಿಯ ಮಗ್ಗಗಳನ್ನು ಹೂಡಿದರು. ಖಾಕಿ ಬಣ್ಣವನ್ನು ಕಂಡುಹಿಡಿದ ಹೆಸರೂ ಅವರಿಗಿದೆ. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಹನ್ನೆರಡು ಆಳು, ಕೆಲವೇ ಎತ್ತುಗಳಿಂದ ದಿನಕ್ಕೆ 560 ಹೆಂಚುಗಳೊಡನೆ ಆರಂಭವಾದ ಕೆಲಸಕ್ಕೆ ಮುಂದೆ ಆವಿಯಂತ್ರ ಬಂದಿತು. ಮಂಗಳೂರು ಹೆಂಚು ಕಡಲು ದಾಟಿ ಹೋಯಿತು. ಕೆಲಸ ಕಳೆದುಕೊಂಡವರಿಗೆ ಯಂತ್ರವೇ ಕೆಲಸ ಕೊಟ್ಟಿತು.

ಆದರೆ ನಾಣ್ಯಕ್ಕೆ ಎರಡು ಮುಖ. ಮಂಗಳೂರು ಹೆಂಚು ಹರಡಿದ ಕಡೆಗಳಲ್ಲಿ ಕುಂಬಾರನು ಕೈಯಿಂದ ತಟ್ಟಿದ ನಾಡಹೆಂಚಿಗೆ ಗಿರಾಕಿ ಕಡಿಮೆಯಾದನು. ಕಾರ್ಖಾನೆಯ ಕೆಲಸಗಾರನಿಗೆ ಅನ್ನ ಕೊಟ್ಟ ಹೆಂಚೇ ಕುಂಬಾರನ ತಿಗರಿಯನ್ನು ನಿಲ್ಲಿಸಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರವು ಈ ಕಾರ್ಖಾನೆಗಳನ್ನು ವಶಪಡಿಸಿಕೊಂಡು, ಬಳಿಕ ಅವನ್ನು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ವಹಿಸಿತು. ದುಡಿಯುವವನ ಕೈಯಲ್ಲಿ ಒಡೆತನವಿಲ್ಲದಿದ್ದರೆ ಅವನ ಅನ್ನದ ಕೀಲಿಕೈ ಎಲ್ಲೋ ದೂರದಲ್ಲಿರುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಇಂದಿನ ಬುದ್ಧಿವಂತ ಯಂತ್ರಗಳ ಒಡೆಯರು ಕೂಡ ಬೆರಳೆಣಿಕೆಯ ಕಂಪೆನಿಗಳೇ.

ಹೊಸ ಕೆಲಸ ಯಾರಿಗೆ?

ಈ ಭಯವೆಲ್ಲ ಅತಿಯಾಯಿತು ಎನ್ನುವವರೂ ಇದ್ದಾರೆ. ಒಂದು ಕೆಲಸ ಹೋದರೆ ಇನ್ನೊಂದು ಹುಟ್ಟುತ್ತದೆ ಎಂಬುದು ಅವರ ವಾದ. ಇದರಲ್ಲಿ ನಿಜವಿಲ್ಲದೆ ಇಲ್ಲ. ಕಣ್ಣು ಕಾಣದವರಿಗೆ ಪುಸ್ತಕವನ್ನು ಓದಿ ಹೇಳುವ ಯಂತ್ರವನ್ನು ಬೇಡವೆನ್ನುವವರು ಯಾರು? ಕ್ರೈಸ್ತರಲ್ಲಿಯೂ ಯಂತ್ರವನ್ನು ಸ್ವಾಗತಿಸುವವರು ಇದ್ದಾರೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಅಚ್ಚುಕೂಟದ ಉದಾಹರಣೆಯನ್ನೇ ನೋಡೋಣ. ಹಿಂದೆ ಶಾಲೆಯ ಸಂಚಿಕೆಯ ಒಂದು ಪುಟ ಸಿದ್ಧವಾಗಬೇಕಾದರೆ ಮೊಳೆ ಜೋಡಿಸುವವನು ನೂರಾರು ಮನೆಗಳ ಪೆಟ್ಟಿಗೆಯ ಮುಂದೆ ನಿಂತು, ಅಕ್ಷರ, ಗುಣಿತ, ಒತ್ತುಗಳನ್ನು ಒಂದೊಂದಾಗಿ ಆರಿಸಿ ಸಾಲುಗೂಡಿಸಬೇಕಾಗಿತ್ತು. ತಲೆಕೆಳಗಾದ ಅಕ್ಷರವನ್ನು ಅವನು ಸಲೀಸಾಗಿ ಓದುತ್ತಿದ್ದನು. ಗಣಕಯಂತ್ರ ಬಂದಿತು. ಕೆ. ಪಿ. ರಾಯರಂತಹವರು ರೂಪಿಸಿದ ಕೀಲಿಮಣೆಯಿಂದ ಕನ್ನಡವನ್ನು ಬೆರಳಚ್ಚಿಸುವುದು ಸುಲಭವಾಯಿತು. ಕನ್ನಡಕ್ಕೆ ಅದರಿಂದ ಮಹದುಪಕಾರವೇ ಆಯಿತು. ಹೊಸ ಕೆಲಸಗಳೂ ಹುಟ್ಟಿದವು. ಆದರೆ ಮೊಳೆ ಜೋಡಿಸುತ್ತಿದ್ದ ಐವತ್ತರ ಪ್ರಾಯದವನಿಗೂ ಗಣಕದ ಮುಂದೆ ಕುಳಿತ ಇಪ್ಪತ್ತರ ತರುಣನಿಗೂ ಸಂಬಂಧವೇನು? ಲೆಕ್ಕದ ಪುಸ್ತಕದಲ್ಲಿ ಒಂದು ಹೋಗಿ ಒಂದು ಬಂದು ಸರಿಹೋಗುತ್ತದೆ. ಕಳೆದುಕೊಂಡವನ ಮನೆಯಲ್ಲಿ ಸರಿಹೋಗುವುದಿಲ್ಲ. ಕ್ರೈಸ್ತರ ಕಳವಳದ ಸಾರವನ್ನು ನಾವು ಇಲ್ಲಿಯೇ ಕಾಣುತ್ತೇವೆ. ಅವರು ಕೇಳುವುದು ಒಟ್ಟು ಮೊತ್ತವನ್ನಲ್ಲ, ಆ ಒಬ್ಬ ಮನುಷ್ಯ ಏನಾದನು ಎಂಬುದನ್ನು.

ಯೇಸು ಹೇಳಿದ ಒಂದು ಸಾಮ್ಯದಲ್ಲಿ ಈ ಒಬ್ಬ ಮನುಷ್ಯನಿದ್ದಾನೆ. ದ್ರಾಕ್ಷಿತೋಟದ ಯಜಮಾನನೊಬ್ಬನು ಬೆಳಗ್ಗೆ ಪೇಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಮತ್ತೆ ಮತ್ತೆ ಹೋಗುತ್ತಾನೆ. ಸಂಜೆ ಐದರ ವೇಳೆಗೆ ಹೋದಾಗಲೂ ಕೆಲವರು ನಿಂತೇ ಇರುತ್ತಾರೆ. ಸುಮ್ಮನೆ ನಿಂತಿರುವುದೇಕೆ ಎಂದು ಕೇಳಿದರೆ, ಯಾರೂ ತಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ. ಅವರನ್ನೂ ಕರೆದೊಯ್ದು, ದಿನವೆಲ್ಲ ದುಡಿದವರಿಗೆ ಕೊಟ್ಟಷ್ಟೇ ಕೂಲಿಯನ್ನು ಅವರಿಗೂ ಕೊಡುತ್ತಾನೆ. ಆ ಯಜಮಾನನು ಮಾಡಿದ್ದು ವ್ಯಾಪಾರದ ಲೆಕ್ಕಕ್ಕೆ ಸಿಗದು. ಬೆಳಗಿನ ಹೊತ್ತು ಪೇಟೆಯ ಕೂಡುರಸ್ತೆಗಳಲ್ಲಿ ಬುತ್ತಿ ಹಿಡಿದು, ಕರೆಯುವವರ ದಾರಿ ಕಾಯುವ ಕೂಲಿಯವರನ್ನು ನೋಡಿರುವ ನಮಗೆ ಅದರ ಅರ್ಥ ತಿಳಿಯದಿರದು.

ನಾವು ಮಾಡಬೇಕಾದುದು

ವಿದ್ಯಾರ್ಥಿ ಮಿತ್ರರೇ, ಯಂತ್ರವನ್ನು ಹಳಿಯುತ್ತ ಕುಳಿತರೆ ಅದು ಹಿಂದೆ ಹೋಗುವುದಿಲ್ಲ. ಅದಕ್ಕೆ ಕೈಮುಗಿದು ನಿಂತರೂ ಅನ್ನ ಸಿಗುವುದಿಲ್ಲ. ಮೊದಲನೆಯದಾಗಿ, ಅದನ್ನು ಅರಿತು ಬಳಸಲು ಕಲಿಯಬೇಕು. ಆದರೆ ನಿಮ್ಮ ಪ್ರಬಂಧವನ್ನು ಅದರಿಂದ ಬರೆಸಿದರೆ ಅಂಕ ಬರಬಹುದು, ವಿದ್ಯೆ ಬರುವುದಿಲ್ಲ; ಹೊತ್ತವರ ಹೆಗಲ ಮೇಲೆ ಕುಳಿತವನಿಗೆ ನಡಿಗೆ ಬಂದೀತೇ? ಎರಡನೆಯದಾಗಿ, ಅದು ಹೇಳಿದ್ದನ್ನು ಪರೀಕ್ಷಿಸುವಷ್ಟು ಜ್ಞಾನವನ್ನೂ ಭಾಷೆಯನ್ನೂ ಸಂಪಾದಿಸಿಕೊಳ್ಳಬೇಕು. ಅದು ತಪ್ಪನ್ನು ಸಹ ಧೈರ್ಯವಾಗಿಯೇ ಹೇಳುತ್ತದೆ. ಮೂರನೆಯದಾಗಿ, ರೋಗಿಯ ಕೈಹಿಡಿದು ಧೈರ್ಯ ಹೇಳುವುದು, ತಪ್ಪಿದ ಮಗುವನ್ನು ತಿದ್ದುವುದು, ನೆರೆಯವನ ಕಷ್ಟವನ್ನು ಕೇಳುವುದು, ಇಂತಹ ಕೆಲಸಗಳನ್ನು ಕೀಳೆಂದು ಎಣಿಸಬಾರದು. ಯಂತ್ರವು ಇವುಗಳ ಮಾತನ್ನು ಅನುಕರಿಸಬಲ್ಲುದು, ಹೊಣೆಯನ್ನು ಹೊರಲಾರದು.

ನಾಳೆ ನಿಮ್ಮಲ್ಲಿ ಕೆಲವರು ಅಂಗಡಿ, ಕಾರ್ಖಾನೆ, ಕಛೇರಿಗಳ ಯಜಮಾನರಾಗುತ್ತೀರಿ. ಹೊಸ ಯಂತ್ರವನ್ನು ತರುವ ದಿನವೂ ಬರುತ್ತದೆ. ಅಂದು ಇದರಿಂದ ಎಷ್ಟು ಹಣ ಉಳಿಯುತ್ತದೆ ಎಂದು ಕೇಳುವುದರ ಜೊತೆಗೆ, ಇಷ್ಟು ದಿನ ಈ ಕೆಲಸ ಮಾಡುತ್ತಿದ್ದವರು ನಾಳೆ ಎಲ್ಲಿ ನಿಲ್ಲುತ್ತಾರೆ ಎಂದೂ ಕೇಳಿರಿ. ಅವರಿಗೆ ಹೊಸ ಕೆಲಸವನ್ನು ಕಲಿಸಲು ವ್ಯವಧಾನವನ್ನೂ ಉಳಿದ ಹಣದಲ್ಲಿ ಒಂದು ಪಾಲನ್ನೂ ಕೊಡಿರಿ. ಯಾವ ಮತದವರೇ ಆಗಿರಲಿ, ಈ ಪ್ರಶ್ನೆಯನ್ನು ಕೇಳುವ ಯಜಮಾನನ ಕೈಯಲ್ಲಿ ಯಂತ್ರವು ಆಳಾಗಿರುತ್ತದೆ. ಕೇಳದವನ ಕೈಯಲ್ಲಿ ಮನುಷ್ಯನೇ ಯಂತ್ರಕ್ಕೆ ಆಳಾಗುತ್ತಾನೆ.