ಕಾರಿನ ಆಯಿಲ್‌ಗೆ ಆಯುಸ್ಸೆಷ್ಟು?

ಮೇ ರಜೆಗೆ ಚೆಂಬೂರಿನಿಂದ ಮಂಗಳೂರಿಗೆ ಹೊರಟ ಕಾರು ಸುಮಾರು 900 ಕಿಲೋಮೀಟರ್ ಓಡುತ್ತದೆ. ಗಂಟೆಗೆ ಸರಾಸರಿ 50 ಕಿ.ಮೀ. ಎಂದುಕೊಂಡರೆ ಎಂಜಿನ್ ದುಡಿದದ್ದು 18 ಗಂಟೆ. ಅದೇ ಕಾರು ಊರಿಂದ ಮರಳಿ ಬಂದು ದಿನಾ ಅಂಧೇರಿಯ ಆಫೀಸಿಗೆ ಹೋಗಿಬರತೊಡಗಿತು ಎನ್ನಿ. ಕುರ್ಲಾದ ಇಕ್ಕಟ್ಟು, ಸಾಕಿನಾಕಾದ ಸಿಗ್ನಲ್ಲು, ಮುಂದಿನ ಬಸ್ಸು ಕದಲುವವರೆಗಿನ ಕಾಯುವಿಕೆ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಸಾಗಿದರೆ ಆ 900 ಕಿಲೋಮೀಟರಿಗೆ 60 ಗಂಟೆ ಹಿಡಿಯುತ್ತದೆ. ಓಡೋಮೀಟರ್ ಎರಡನ್ನೂ ಒಂದೇ ಎಂದು ತೋರಿಸುತ್ತದೆ. ಎಂಜಿನ್ ಆಯಿಲ್ ಮಾತ್ರ ಮೂರು ಪಟ್ಟಿಗೂ ಹೆಚ್ಚು ಹೊತ್ತು ದುಡಿದಿರುತ್ತದೆ.

ಗ್ಯಾರೇಜಿನವರು ಅಂಟಿಸುವ ‘ಮುಂದಿನ ಸರ್ವಿಸ್ 10,000 ಕಿ.ಮೀ.’ ಎಂಬ ಚೀಟಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅದೇ ಲೆಕ್ಕದಲ್ಲಿ 10,000 ಕಿ.ಮೀ. ಎಂದರೆ ಹೆದ್ದಾರಿಯಲ್ಲಿ 200 ಗಂಟೆ, ಮುಂಬಯಿಯೊಳಗೆ ಸುಮಾರು 670 ಗಂಟೆ. ಈ ಕೊರತೆಯನ್ನು ತುಂಬಲೆಂದೇ ಆಯಿಲ್ ಲೈಫ್ ಮಾನಿಟರ್ ಹುಟ್ಟಿದ್ದು. ಆಯಿಲಿನ ಆಯುಸ್ಸು ಇನ್ನು 40% ಉಳಿದಿದೆ ಎಂದು ಡ್ಯಾಶ್‌ಬೋರ್ಡಿನಲ್ಲಿ ಅಂಕಿ ಮೂಡಿದಾಗ ಅದನ್ನು ನಂಬಬಹುದೆ?

ಎಂಜಿನ್ನಿನೊಳಗೆ ಒಂದು ಸೆನ್ಸರ್ ಕೂತು ಆಯಿಲನ್ನು ಪರೀಕ್ಷಿಸುತ್ತಿರುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಆಯಿಲಿನ ವಿದ್ಯುತ್ ಗುಣವನ್ನು ಅಳೆಯುವ ಸೆನ್ಸರ್‌ಗಳು ಕೆಲವು ದುಬಾರಿ ಕಾರುಗಳಲ್ಲಿ ಬಂದದ್ದು ನಿಜ. ಬಹುಪಾಲು ಮಾನಿಟರ್‌ಗಳು ಆಯಿಲನ್ನು ಮುಟ್ಟುವುದೇ ಇಲ್ಲ. ಅವು ಮಾಡುವುದು ಲೆಕ್ಕ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ವಿಜ್ಞಾನಿಗಳಾದ ಶರ್ಲಿ ಶ್ವಾರ್ಟ್ಸ್ ಮತ್ತು ಡೊನಾಲ್ಡ್ ಸ್ಮೊಲೆನ್ಸ್ಕಿ 1987ರಲ್ಲಿ ಈ ಲೆಕ್ಕದ ದಾರಿಯನ್ನು ಪ್ರಬಂಧವಾಗಿ ಪ್ರಕಟಿಸಿದರು. ಎಂಜಿನ್ ಎಷ್ಟು ಸುತ್ತು ತಿರುಗಿತು, ಆಗ ಆಯಿಲ್ ಎಷ್ಟು ಬಿಸಿಯಿತ್ತು ಎಂಬೆರಡು ಸಂಗತಿ ತಿಳಿದರೆ ಅದು ಎಷ್ಟು ಸವೆದಿದೆ ಎಂದು ಅಂದಾಜು ಮಾಡಬಹುದು. ಹದವಾದ ಬಿಸಿಯಲ್ಲಿ ತಿರುಗಿದ ಸುತ್ತಿಗೆ ಒಂದು ಅಂಕ. ಅತಿ ಬಿಸಿಯಲ್ಲೋ ಅತಿ ತಣ್ಣಗಿದ್ದಾಗಲೋ ತಿರುಗಿದರೆ ಅದಕ್ಕಿಂತ ಹೆಚ್ಚು.

ಬಿಸಿ ಆಯಿಲನ್ನು ಕೆಡಿಸುವುದು ಸುಲಭವಾಗಿ ತಿಳಿಯುತ್ತದೆ. ಅಡುಗೆಮನೆಯಲ್ಲಿ ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗಿ ದಪ್ಪವಾಗುವಂತೆ ಎಂಜಿನ್ ಆಯಿಲೂ ಆಮ್ಲಜನಕದ ಜೊತೆ ಸೇರಿ ಮಂದವಾಗುತ್ತದೆ. ಶಾಖ 10 ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿ. ತಣ್ಣಗಿನ ಎಂಜಿನ್ ಮಾಡುವ ಹಾನಿ ಅಷ್ಟು ಬೇಗ ಕಣ್ಣಿಗೆ ಬೀಳದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಒಂದಿಷ್ಟು, ಜೊತೆಗೆ ಉರಿಯದೆ ಉಳಿದ ಪೆಟ್ರೋಲೂ, ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಆಯಿಲಿಗೆ ಇಳಿಯುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಇವೆರಡೂ ಆವಿಯಾಗಿ ಹೊರಟುಹೋಗುತ್ತವೆ. ಮನೆಯಿಂದ ಘಾಟ್ಕೋಪರ್ ಸ್ಟೇಷನ್ನಿಗೆ ಎರಡು ಕಿಲೋಮೀಟರ್ ಹೋಗಿ ಮರಳಿ ನಿಲ್ಲುವ ಕಾರಿನಲ್ಲಿ ಆಯಿಲ್ ಅಷ್ಟು ಕಾಯುವುದೇ ಇಲ್ಲ. ಮುಂಬಯಿಯಲ್ಲಿ ಹಿಮ ಬೀಳುವ ಚಳಿಯಿಲ್ಲ, ಹಾಗಾಗಿ ಡೆಟ್ರಾಯಿಟಿನಷ್ಟು ತೊಂದರೆ ಇಲ್ಲಿಲ್ಲ. ಆದರೂ ವರ್ಷಕ್ಕೆ ಮೂರೇ ಸಾವಿರ ಕಿ.ಮೀ. ಓಡುವ ಇಂಥ ಕಾರಿನವರು ‘ಓಡಿದ್ದೇ ಕಡಿಮೆ’ ಎಂದು ನಿಶ್ಚಿಂತರಾಗಿರುವುದು ತಪ್ಪು.

ಇಡೀ ದಿನ ಬಿಸಿಯಾಗಿಯೇ ಇರುವ ಟ್ಯಾಕ್ಸಿಯ ಕಥೆ ಬೇರೆ. 1996ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ನ್ಯೂಯಾರ್ಕಿನ 75 ಟ್ಯಾಕ್ಸಿಗಳ ಎಂಜಿನ್ ಬಿಚ್ಚಿ ನೋಡಿದ ಪರೀಕ್ಷೆಯನ್ನು ಪ್ರಕಟಿಸಿತು. ಸುಮಾರು 4,800 ಕಿ.ಮೀ.ಗೆ ಆಯಿಲ್ ಬದಲಿಸಿದವಕ್ಕೂ 9,600ಕ್ಕೆ ಬದಲಿಸಿದವಕ್ಕೂ ಸವೆತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಐದು ಸಾವಿರಕ್ಕೇ ಆಯಿಲ್ ಚೆಲ್ಲಬೇಕೆಂಬ ಹಳೆಯ ಮೆಕ್ಯಾನಿಕ್‌ಗಳ ಹಟ ಈಗಿನ ಆಯಿಲುಗಳಿಗೆ ಅಷ್ಟಾಗಿ ಒಪ್ಪುವುದಿಲ್ಲ. ಬಳಸಿದ ಆಯಿಲ್ ನಮ್ಮ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಬೇಕಿಲ್ಲದೆ ಹೆಚ್ಚಿಸುವುದು ಮೀಠಿಯಂಥ ನದಿಯಿರುವ ನಗರಕ್ಕೆ ಒಳ್ಳೆಯದಲ್ಲ.

ಇಷ್ಟು ನೋಡಿದರೆ ಮಾನಿಟರ್ ಕಿಲೋಮೀಟರ್ ಚೀಟಿಗಿಂತ ಖಂಡಿತ ಮೇಲು. ಮುಂಬಯಿಯಂಥ ಊರಿನಲ್ಲಿ ಅದರ ಉಪಯೋಗ ಇನ್ನೂ ಹೆಚ್ಚು, ಏಕೆಂದರೆ ಚಕ್ರ ನಿಂತಾಗಲೂ ಎಂಜಿನ್ ತಿರುಗುವುದನ್ನು ಅದು ಎಣಿಸುತ್ತದೆ. ಆದರೆ ತಮ್ಮ ಕಾರಿನಲ್ಲಿರುವುದು ನಿಜವಾದ ಮಾನಿಟರೇ ಎಂದು ಮಾಲೀಕರು ಮೊದಲು ಖಚಿತ ಮಾಡಿಕೊಳ್ಳಬೇಕು. ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರುಗಳಲ್ಲಿ ಹೊತ್ತಿಕೊಳ್ಳುವ ಸ್ಪ್ಯಾನರ್ ಚಿತ್ರ ಕಿ.ಮೀ. ಮತ್ತು ದಿನಗಳನ್ನಷ್ಟೇ ಎಣಿಸುತ್ತದೆ. ಹೆದ್ದಾರಿಯಲ್ಲಿ ಓಡಿದರೂ ದಾದರಿನಲ್ಲಿ ತೆವಳಿದರೂ ಪ್ರತಿಸಲ ಅದೇ ಅಂಕಿಗೆ ಹೊತ್ತುತ್ತಿದ್ದರೆ ಅದು ಆ ಚೀಟಿಯೇ, ದೀಪದ ರೂಪದಲ್ಲಿ. ಅಂಥವರು ಕಾರಿನ ಕೈಪಿಡಿಯಲ್ಲಿ ‘ಕಠಿಣ ಬಳಕೆ’ಗೆ ಕೊಟ್ಟಿರುವ ಪ್ರತ್ಯೇಕ ಅವಧಿಯನ್ನೇ ಹಿಡಿಯಬೇಕು. ನಿಂತು ನಿಂತು ಸಾಗುವ ಓಡಾಟ, ದೂಳು, ಚಿಕ್ಕ ಚಿಕ್ಕ ಪ್ರಯಾಣ, ಎಲ್ಲವೂ ಆ ಪಟ್ಟಿಯಲ್ಲಿ ಬರುವಂಥವೇ.

ಒಳ್ಳೆಯ ಮಾನಿಟರಿಗೂ ಕಾಣದ ಸಂಗತಿಗಳಿವೆ. ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಲಾಗಿದೆ ಎಂದು ನಂಬಿಕೊಂಡೇ ಅದು ಲೆಕ್ಕ ಶುರು ಮಾಡುತ್ತದೆ. ಡಬ್ಬಿಯಲ್ಲಿದ್ದದ್ದು ಕಲಬೆರಕೆ ಮಾಲಾದರೂ ಲೆಕ್ಕ ಬದಲಾಗದು. ಮೆಕ್ಯಾನಿಕ್ ಆಯಿಲ್ ಬದಲಿಸಿ ರಿಸೆಟ್ ಒತ್ತಲು ಮರೆತರೆ, ಅಥವಾ ಬದಲಿಸದೆ ಒತ್ತಿದರೆ, ಆ ಅಂಕಿಗೆ ಅರ್ಥವಿಲ್ಲ. ಲೆಕ್ಕ ಮಾತ್ರ ಮಾಡುವ ಮಾನಿಟರ್ ಆಯಿಲಿನ ಮಟ್ಟವನ್ನೂ ನೋಡುವುದಿಲ್ಲ. ಹಳೆಯ ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಪರದೆಯಲ್ಲಿ 40% ಇರುವಾಗಲೇ ಒಳಗೆ ಆಯಿಲ್ ತಳ ಸೇರಿರಬಹುದು.

2023ರ ಅಕ್ಟೋಬರ್‌ನಲ್ಲಿ ಮುಂಬಯಿಯ ರಸ್ತೆಗಳಿಂದ ಮರೆಯಾದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳಲ್ಲಿ ಮಾನಿಟರ್ ಇರಲಿಲ್ಲ, ಡಿಪ್‌ಸ್ಟಿಕ್ ಇತ್ತು. ಇಂದಿಗೂ ಅದಕ್ಕೆ ಸಾಟಿಯಿಲ್ಲ. ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ಎಳೆಯಬೇಕು. ಆಯಿಲಿನ ಗೆರೆ ಎರಡು ಗುರುತುಗಳ ನಡುವೆ ಇರಬೇಕು. ಬಣ್ಣ ಕಪ್ಪಾಗಿದೆಯೆಂದು ಗಾಬರಿ ಬೇಡ. ಕೊಳೆಯನ್ನು ಹಿಡಿದಿಟ್ಟುಕೊಳ್ಳುವುದೂ ಆಯಿಲಿನ ಕೆಲಸವೇ. ಮೂಗಿಗೆ ಪೆಟ್ರೋಲ್ ವಾಸನೆ ಜೋರಾಗಿ ಬಡಿದರೆ, ಮಟ್ಟ ತಾನಾಗಿ ಏರಿದ್ದರೆ, ಮಾನಿಟರ್ ಏನೇ ಹೇಳಲಿ, ಬದಲಿಸುವ ಕಾಲ ಬಂದಿದೆ.

ಮಾನಿಟರಿಗೆ ಕಾಣದವುಗಳಲ್ಲಿ ಮುಂಬಯಿಗೇ ಸೇರಿದ್ದು ಮಳೆಗಾಲದ ನೀರು. 2005ರ ಜುಲೈ 26ರಂದು ಶುರುವಾದ ಮಳೆ 24 ಗಂಟೆಗಳಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದಾಗ ಕಾರುಗಳು ನಿಂತಲ್ಲೇ ಮುಳುಗಿದವು. ಎಂಜಿನ್ ತಿರುಗದೆ ನಿಂತ ಆ ಹೊತ್ತಿನಲ್ಲಿ ಲೆಕ್ಕ ಒಂದಂಕವೂ ಮುಂದೆ ಹೋಗದು, ಆಯಿಲ್ ಮಾತ್ರ ಕೆಟ್ಟಿರುತ್ತದೆ. ನೀರು ಸೇರಿದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿ ಬೇರಿಂಗ್‌ಗಳನ್ನು ಕಾಯುವ ಶಕ್ತಿ ಕಳೆದುಕೊಳ್ಳುತ್ತದೆ; ಸಿಲಿಂಡರಿನೊಳಗೆ ನೀರು ನಿಂತಿದ್ದರೆ ಒಂದೇ ಸ್ಟಾರ್ಟಿಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸೊಸೈಟಿಯ ಪಾರ್ಕಿಂಗಿನಲ್ಲಿ ಬೋನೆಟ್ಟಿನವರೆಗೆ ನೀರು ಏರಿ ಇಳಿದಿದ್ದರೆ ದಯವಿಟ್ಟು ಕೀಲಿ ತಿರುಗಿಸಬೇಡಿ. ಬ್ಯಾಟರಿ ಸಂಪರ್ಕ ತೆಗೆಸಿ, ಕಾರನ್ನು ಟೋ ಮಾಡಿಸಿ, ಮೆಕ್ಯಾನಿಕ್ ಆಯಿಲೂ ಫಿಲ್ಟರೂ ಬದಲಿಸುವವರೆಗೆ ಕಾಯಿರಿ.