ಹೊಸ ನೆಲೆಯಲ್ಲಿ ಹಿತ್ತಲ ಕೈತೋಟ

ಹೊಳೆದಂಡೆಯ ಊರುಗಳಲ್ಲಿ ಕೈತೋಟ ಮಾಡುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿರಲಿಲ್ಲ. ಕೃಷ್ಣಾ, ಘಟಪ್ರಭಾ ನದಿಗಳ ಪಕ್ಕದ ಹಳ್ಳಿಗಳಲ್ಲಿ ಬಚ್ಚಲ ನೀರು ಹರಿದಲ್ಲೆಲ್ಲ ಬದನೆ, ಪುಂಡಿ, ಚವಳಿ ಬೆಳೆಯುತ್ತಿದ್ದವು. ತಿಪ್ಪೆ ಮನೆಯ ಹಿಂದೆಯೇ ಇತ್ತು. ಆಲಮಟ್ಟಿ ಜಲಾಶಯಕ್ಕೆ 1964ರಲ್ಲಿ ಅಡಿಗಲ್ಲು ಬಿದ್ದು, ಮುಂದೆ ಹಂತಹಂತವಾಗಿ ನೀರು ನಿಲ್ಲುತ್ತ ಬಂದಂತೆ ಈ ಹಳ್ಳಿಗಳ ಜನ ಎತ್ತರದ ಜಾಗದಲ್ಲಿರುವ ಪುನರ್ವಸತಿ ಕೇಂದ್ರಗಳಿಗೆ ಬಂದು ನೆಲೆಸಿದರು. ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಸಮ್ಮತಿಸಿತು. ಹಾಗಾಗಿ ಸ್ಥಳಾಂತರದ ಮಾತು ಹಳೆಯ ಕಥೆಯೇನೂ ಅಲ್ಲ.

ಹೊಸ ಮನೆಗೆ ಬಂದ ಗೃಹಿಣಿ ಮೊದಲ ಮಳೆಗೇ ಹಳೆಯ ಊರಿನ ಬೀಜ ತೆಗೆದು ಹಿತ್ತಲಲ್ಲಿ ಚೆಲ್ಲುತ್ತಾಳೆ. ಮೊಳಕೆ ಬರುತ್ತದೆ, ಗೇಣುದ್ದ ಬೆಳೆಯುತ್ತದೆ, ಆಮೇಲೆ ಹಳದಿಯಾಗಿ ಕುಂಟುತ್ತದೆ. ‘ಈ ನೆಲದಾಗ ಏನೂ ಬರೂದಿಲ್ಲ’ ಎಂದು ಅಲ್ಲಿಗೇ ಕೈಬಿಡುತ್ತಾರೆ. ಒಬ್ಬರಿಗೆ ದಿನಕ್ಕೆ 300 ರಿಂದ 400 ಗ್ರಾಂ ತರಕಾರಿ ಬೇಕೆಂಬುದು ಆಹಾರ ತಜ್ಞರ ಲೆಕ್ಕ. ಐದು ಜನರ ಮನೆಗೆ ಅಷ್ಟನ್ನೂ ಕೊಂಡು ತರುವುದೆಂದರೆ, ಹೊಲ ಕಳೆದುಕೊಂಡು ಕೂಲಿಗೆ ಹೋಗುವ ಕುಟುಂಬದ ತಾಟಿನಲ್ಲಿ ಮೊದಲು ಕಡಿಮೆಯಾಗುವುದು ಪಲ್ಯವೇ. ಬೀಜದಲ್ಲಿ ದೋಷವಿಲ್ಲ. ಎರಿ ಮಣ್ಣಿನಲ್ಲಿ ನಡೆದ ರೂಢಿ ಗರಸು ನೆಲದಲ್ಲಿ ನಡೆಯುವುದಿಲ್ಲ, ಅಷ್ಟೆ.

ಬರುವಾಗ ಮಣ್ಣನ್ನೂ ತನ್ನಿ

ಊರು ಬಿಡುವವರು ಬಾಗಿಲು, ತೊಲೆ, ಕಲ್ಲು, ಹಂಚು ಎಲ್ಲವನ್ನೂ ಬಿಚ್ಚಿ ಹೇರಿಕೊಂಡು ಬರುತ್ತಾರೆ. ತಲೆಮಾರುಗಳಿಂದ ಬೂದಿ, ಸಗಣಿ ಉಂಡ ಹಿತ್ತಲ ಮಣ್ಣು ಮಾತ್ರ ನೀರಿನ ಪಾಲಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಹಳೆಯ ತೊಲೆಗಿಂತ ಇದರ ಬೆಲೆ ಹೆಚ್ಚು. ಇನ್ನೂ ಊರು ಬಿಡದವರು ಭೂಸ್ವಾಧೀನ ಕಚೇರಿಯವರನ್ನು ಕೇಳಿಕೊಂಡು, ಹಿತ್ತಲಿನ ಮೇಲಿನ ಅರ್ಧ ಅಡಿ ಮಣ್ಣನ್ನು ತಿಪ್ಪೆಯ ಗೊಬ್ಬರದೊಂದಿಗೆ ತರಬೇಕು. ಒಂದು ಬ್ರಾಸ್, ಅಂದರೆ 100 ಘನ ಅಡಿ ಮಣ್ಣು, 200 ಚದರ ಅಡಿ ಜಾಗಕ್ಕೆ ಅರ್ಧ ಅಡಿ ದಪ್ಪ ಹರಡಲು ಸಾಕು. ಸೊಪ್ಪು, ಕಾಯಿಪಲ್ಯೆಗೆ ಇಷ್ಟು ಮಣ್ಣಿನಿಂದ ಆರಂಭ ಮಾಡಬಹುದು. ಆದರೆ ಜೇಕಿನ ಗಡ್ಡೆ, ಕರಿಕೆಯ ಬೇರು ಇದರೊಡನೆ ಬಾರದಂತೆ ಜರಡಿ ಹಿಡಿಯುವುದು ಅವಶ್ಯ. ಒಮ್ಮೆ ಹೊಕ್ಕ ಜೇಕನ್ನು ಹಿತ್ತಲಿನಿಂದ ಹೊರಡಿಸುವುದು ಬಲು ಕಷ್ಟ.

ಈಗಾಗಲೇ ಬಂದು ನೆಲೆಸಿರುವವರಿಗೆ ಈ ಅನುಕೂಲವಿಲ್ಲ. ಅವರು ಮೊದಲು ನೆಲವನ್ನು ತಿಳಿದುಕೊಳ್ಳಬೇಕು. ನಿವೇಶನ ಸಮ ಮಾಡುವಾಗ ಯಂತ್ರವು ಮೇಲ್ಮಣ್ಣನ್ನು ತಗ್ಗಿಗೆ ತಳ್ಳಿ, ಅಡಿಯ ಗರಸನ್ನು ಮೇಲೆ ತಂದಿರುತ್ತದೆ. ಆದ್ದರಿಂದ ಒಂದೇ ಸಾಲಿನ ಎರಡು ಮನೆಗಳ ಮಣ್ಣು ಕೂಡ ಬೇರೆ ಬೇರೆಯಾಗಿರಬಹುದು. ಹಿತ್ತಲಿನ ನಡುವೆ ಒಂದೂವರೆ ಅಡಿ ಆಳದ ಕುಣಿ ತೆಗೆದು ಸಂಜೆ ನೀರು ತುಂಬಿರಿ. ಒಂದು ತಾಸಿನಲ್ಲಿ ಇಂಗಿದರೆ ನೀರು ಹಿಡಿಯದ ಗರಸು. ಅದಕ್ಕೆ ಗೊಬ್ಬರ ಮತ್ತು ಎರಿ ಮಣ್ಣು ಬೇಕು. ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಕೆಳಗೆ ಗಟ್ಟಿ ಪದರವಿದೆ. ಅಲ್ಲಿ ಏರುಮಡಿ ಮಾಡದೆ ಗತಿಯಿಲ್ಲ.

ಮನೆ ಕಟ್ಟಿದಾಗ ಉಳಿದ ಗಾರೆ, ಸಿಮೆಂಟಿನ ಉಂಡೆಗಳನ್ನು ಅಲ್ಲೇ ಹೂಳುವ ಅಭ್ಯಾಸ ಬಹಳ ಕಡೆ ಇದೆ. ಇದು ಕೂಡದು. ಈ ಭಾಗದ ಮಣ್ಣಿನಲ್ಲಿ ಮೊದಲೇ ಸುಣ್ಣದ ಅಂಶ ಹೆಚ್ಚು. ಸಿಮೆಂಟು ಸೇರಿದರೆ ರಸಸಾರ ಇನ್ನೂ ಏರಿ, ಮಣ್ಣಿನಲ್ಲಿರುವ ಕಬ್ಬಿಣ ಗಿಡಕ್ಕೆ ದೊರೆಯದಾಗುತ್ತದೆ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುವುದು ಇದರ ಗುರುತು. ಲಿಂಬೆಯಲ್ಲಿ ಇದು ಬಹುಬೇಗ ಕಾಣುತ್ತದೆ. ಆಗ ಒಂದು ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್ ಮತ್ತು ಅರ್ಧ ಹೋಳು ಲಿಂಬೆರಸ ಬೆರೆಸಿ ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಬೇಕು. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಿಸಿದರೆ ಎಲೆ ಹಸಿರಾಗುತ್ತದೆ. ಹಿತ್ತಲಿನ ನಾಲ್ಕು ಕಡೆಯಿಂದ ಅರ್ಧ ಅಡಿ ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋದಷ್ಟನ್ನು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಬಚ್ಚಲ ನೀರೇ ಆಧಾರ

ಈ ಪ್ರದೇಶದ ವಾರ್ಷಿಕ ಮಳೆ 600 ಮಿ.ಮೀ.ಗೂ ಕಡಿಮೆ. ನಲ್ಲಿ ನೀರು ಕುಡಿಯಲು, ದನಕ್ಕೆ ಸಾಲಬೇಕು. ಹಾಗಾಗಿ ಕೈತೋಟಕ್ಕೆ ಬಚ್ಚಲ ನೀರೇ ಆಧಾರ. ತಲಾ 20 ಲೀಟರಿನಂತೆ ಐದು ಜನರ ಸ್ನಾನದಿಂದ ದಿನಕ್ಕೆ 100 ಲೀಟರ್ ನೀರು ಹರಿಯುತ್ತದೆ. ಗೋಡೆಯಿಂದ ಆರು ಅಡಿಯಾದರೂ ದೂರ ಎರಡು ಅಡಿ ಆಳದ ಗುಂಡಿ ತೋಡಿ, ಕೆಳಗೆ ದಪ್ಪ ಜಲ್ಲಿ, ಮೇಲೆ ಉಸುಕು ತುಂಬಿ, ನೀರನ್ನು ಅದರೊಳಗಿಂದ ಹಾಯಿಸಿ ಬಾಳೆ, ಪಪ್ಪಾಯ, ಕೆಸುವಿನ ಬುಡಕ್ಕೆ ಬಿಡಬೇಕು. ಬುನಾದಿಯ ಪಕ್ಕದಲ್ಲೇ ನೀರು ಇಂಗಿಸಿದರೆ ಎರಿ ನೆಲ ಉಬ್ಬಿ ಕುಗ್ಗಿ ಹೊಸ ಗೋಡೆಗೆ ಬಿರುಕು ಬರುತ್ತದೆ. ಬಟ್ಟೆ ಒಗೆದ ಪುಡಿಯ ನೀರಿನಲ್ಲಿ ಸೋಡಿಯಂ ಹೆಚ್ಚಿರುವುದರಿಂದ ಅದನ್ನು ಬೇರೆ ಮಾಡಬೇಕು. ಹಸಿಯಾಗಿ ತಿನ್ನುವ ಸವತೆ, ಮೂಲಂಗಿ, ಕೊತ್ತಂಬರಿಗೆ ಬಚ್ಚಲ ನೀರು ಬೇಡ.

ಇನ್ನೊಂದು ಮಾತು. ಹಳೆಯ ಊರಿನಲ್ಲಿ ಪಕ್ಕದ ಮನೆ ಅಣ್ಣತಮ್ಮಂದಿರದಾಗಿತ್ತು. ಇಲ್ಲಿ ಬೇರೆ ಓಣಿಯವರು, ಕೆಲವು ಕಡೆ ಬೇರೆ ಊರಿನವರು ನೆರೆಯವರಾಗಿರುತ್ತಾರೆ. ಕಾಲುವೆಯ ಇಳಿಜಾರು ಅವರ ಗೋಡೆಯ ಕಡೆಗೆ ಹೋದರೆ ತರಕಾರಿಗಿಂತ ಮೊದಲು ಜಗಳ ಬೆಳೆಯುತ್ತದೆ. ನೀರಿನ ದಾರಿಯನ್ನು ನೆರೆಯವರೊಡನೆ ಮಾತಾಡಿಯೇ ಗೊತ್ತುಮಾಡುವುದು ಲೇಸು.

ಮಳೆಗಾಲದಲ್ಲಿ ಮಾಳಿಗೆಯ ನೀರನ್ನೂ ಹಿಡಿಯಬಹುದು. 50 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 500 ಲೀಟರ್ ನೀರಾಗುತ್ತದೆ.

ಮೊದಲ ವರ್ಷ ಏನು ಹಾಕಬೇಕು?

ಎಲ್ಲವನ್ನೂ ಒಮ್ಮೆಗೇ ಹಾಕುವ ಆತುರ ಬೇಡ. ಬೀಜಕ್ಕಿಂತ ಮೊದಲು ಬೇಲಿಯಾಗಬೇಕು, ಏಕೆಂದರೆ ಹೊಸ ಬಡಾವಣೆಯಲ್ಲಿ ಆಡು, ಹಂದಿಗಳಿಗೆ ತಡೆಯೇ ಇರುವುದಿಲ್ಲ. ಬೇಲಿ ಮುಗಿದ ಮೇಲೆ ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಎರಡು ಮಡಿ ಸಾಕು. ಪ್ರತಿ ಮಡಿಗೆ ಎಂಟು ಕಿಲೋ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಒಂದರಲ್ಲಿ 10 ಗ್ರಾಂ ಮೆಂತೆ, ಇನ್ನೊಂದರಲ್ಲಿ ರಾಜಗಿರಿ ಬಿತ್ತಬೇಕು. ಇವು 25–30 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ತಿಂಗಳೊಳಗೆ ಒಂದು ಹಿಡಿ ಸೊಪ್ಪು ಸಿಕ್ಕರೆ ಮನೆಯವರಿಗೆ ಹುರುಪು ಬರುತ್ತದೆ. ಮಡಿಯ ಯಾವ ಮೂಲೆ ಕುಂಟಿತು ಎಂಬುದೂ ತಿಳಿಯುತ್ತದೆ. ಅಲ್ಲಿಗೆ ಮುಂದಿನ ಸಲ ಗೊಬ್ಬರ ಹೆಚ್ಚು ಹಾಕಬಹುದು. ನಂತರ ಚವಳಿ, ಅಲಸಂದೆ ಹಾಕಿದರೆ ಕಾಯಿಯ ಜೊತೆಗೆ ಮಣ್ಣಿಗೆ ಸಾರಜನಕವೂ ದೊರೆಯುತ್ತದೆ. ಬೇಲಿಗೆ ಹೀರೆ, ಚಪ್ಪರದವರೆ ಹಬ್ಬಿಸಬಹುದು. ಬದನೆ, ಮೆಣಸಿನ ಗಿಡ ಎರಡನೆಯ ಹಂಗಾಮಿಗೆ ಇರಲಿ.

ಮರಗಳ ವಿಷಯ ಬೇರೆ. ಅವು ಫಲಕ್ಕೆ ಬರಲು ಕಾಲ ಬೇಕಾದ್ದರಿಂದ ಕುಣಿಯನ್ನು ಬಂದ ವರ್ಷವೇ ತೆಗೆಯಬೇಕು. ಗರಸು ನೆಲದಲ್ಲಿ ಚಿಕ್ಕ ಕುಣಿ ಹೂವಿನ ಕುಂಡದಂತೆ. ಬೇರು ಅದರಾಚೆ ಹೋಗಲಾರದು. ಆದ್ದರಿಂದ ಮೂರು ಅಡಿ ಉದ್ದ, ಅಗಲ, ಆಳದ ಕುಣಿಯನ್ನು ಏಪ್ರಿಲ್‌ನಲ್ಲಿ ತೋಡಿ ಒಂದು ತಿಂಗಳು ಬಿಸಿಲಿಗೆ ಬಿಟ್ಟು, ಹೊರಗಿನ ಒಳ್ಳೆಯ ಮಣ್ಣು ಮತ್ತು 25 ಕಿಲೋ ಗೊಬ್ಬರ ತುಂಬಿ, ಮಳೆ ಹಿಡಿದ ಮೇಲೆ ಸಸಿ ನೆಡಬೇಕು. ನುಗ್ಗೆಯಲ್ಲಿ ಪಿ.ಕೆ.ಎಂ.-1 ಅಥವಾ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಯನ್ನು ಬೀಜದಿಂದ ಬೆಳೆಸಿದರೆ ಸುಮಾರು ಎಂಟು ತಿಂಗಳಲ್ಲಿ ಕಾಯಿ ಕಾಣಬಹುದು. ಒಂದು ನುಗ್ಗೆ, ಒಂದು ಕರಿಬೇವು, ಒಂದು ಲಿಂಬೆ, ಬಚ್ಚಲ ನೀರಿಗೆ ಎರಡು ಬಾಳೆ, ಸಣ್ಣ ಹಿತ್ತಲಿಗೆ ಇದಕ್ಕಿಂತ ಹೆಚ್ಚು ಬೇಡ. ಮಾವು ಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅದರ ನೆರಳು ಹತ್ತು ವರ್ಷದಲ್ಲಿ ಮಡಿಗಳನ್ನೆಲ್ಲ ನುಂಗುತ್ತದೆ. ಕೇಂದ್ರದ ಶಾಲೆ, ಗುಡಿಯ ಬಯಲಿನಲ್ಲಿ ಜಾಗ ಕೇಳಿ ಅಲ್ಲಿ ನೆಡಬಹುದು.

ಹಳೆಯ ಊರಿನ ಬದನೆ, ಅವರೆ ಬೀಜಗಳನ್ನು ಮೊದಲ ವರ್ಷ ಪೂರ್ತಿ ಬಿತ್ತಿ ಮುಗಿಸಬಾರದು. ಅರ್ಧವನ್ನು ಬೂದಿ ಬೆರೆಸಿ ಬಾಯಿ ಬಿಗಿದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಮಡಿ ಹದಕ್ಕೆ ಬಂದ ಮೇಲೆ, ಆರೋಗ್ಯವಾಗಿರುವ ಒಂದೆರಡು ಗಿಡಗಳ ಕಾಯಿಯನ್ನು ಕೀಳದೆ ಹಣ್ಣಾಗಲು ಬಿಟ್ಟು ಹೊಸ ಬೀಜ ಮಾಡಿಕೊಳ್ಳಿ. ಹೀರೆ, ಸವತೆಗಳು ನೆರೆಯವರ ತಳಿಯೊಂದಿಗೆ ಬೇಗ ಬೆರೆಯುತ್ತವೆ. ಅವುಗಳ ಮೂಲ ತಳಿ ಬೇಕಿದ್ದರೆ ಅರಳುವ ಹಿಂದಿನ ಸಂಜೆಯೇ ಗಂಡು ಹೂವಿಗೂ ಹೆಣ್ಣು ಹೂವಿಗೂ ತೆಳು ಬಟ್ಟೆ ಕಟ್ಟಿ, ಅರಳಿದ ಕೂಡಲೇ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಸವರಿ ಮತ್ತೆ ಕಟ್ಟಬೇಕು. ಕಾಯಿ ಕಚ್ಚಿದ ಮೇಲೆ ಬಟ್ಟೆ ತೆಗೆದು, ಗುರುತಿಗೆ ಒಂದು ದಾರ ಕಟ್ಟಿದರಾಯಿತು.